ಹಿತ್ತಲ ಬಾಗಿಲಿನ ಮೂಲೆ

ಮೊನ್ನೆ ಮೊಮ್ಮಗಳ ಹೊಸ ಮನೆಯ ಗೃಹಪ್ರವೇಶವಿತ್ತು. ಹೋಮ ಮುಗಿಯಿತು, ಹೊಗೆಯೂ ತಕ್ಕಮಟ್ಟಿಗೆ ಅಡಗಿತು. ಪುರೋಹಿತರು ಚೀಲದಿಂದ ಒಂದು ಪ್ಲಾಸ್ಟಿಕ್ ಬಾಟಲಿ ತೆಗೆದರು. ನೋಡಿದರೆ ಶರಬತ್ತಿನ ಬಾಟಲಿಯ ಹಾಗೇ ಇತ್ತು, ಮೇಲೊಂದು ಹಸುವಿನ ಚಿತ್ರ. ಮುಚ್ಚಳ ತಿರುಗಿಸಿದರು ನೋಡಿ, ಗಂಜಲದ ಘಾಟು ಮೂಗಿಗೆ ಅಡರಿತು. ಹುಡುಗರೆಲ್ಲ ಮೂಗು ಹಿಡಿದುಕೊಂಡು ಬಾಲ್ಕನಿಗೆ ಓಡಿದರು. ನಾನು ಕೂತಲ್ಲೇ ಕೂತಿದ್ದೆ. ಕಣ್ಣು ತುಂಬಿ ಬಂತು. "ಅಜ್ಜಿಗೆ ಹೊಗೆ ಆಗಲ್ಲ, ಒಳಗೆ ಕರ್ಕೊಂಡ್ಹೋಗಿ" ಎಂದರು ಯಾರೋ. ಹೊಗೆಯಂತೆ ಹೊಗೆ! ಸೌದೆ ಒಲೆ ಊದಿ ಊದಿಯೇ ಅರ್ಧ ಆಯುಸ್ಸು ಕಳೆದವಳು ನಾನು; ನನಗೆ ಹೋಮದ ಹೊಗೆ ಯಾವ ಮಹಾ ಲೆಕ್ಕ? ನನಗೆ ನೆನಪಾದದ್ದು ಅಕ್ಕ. ಅಕ್ಕ, ಮತ್ತು ಅಕ್ಕನ ಆ ಪುಟ್ಟ ನಾಯಿ...

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ನಾನು ಮದುವೆಯಾಗಿ ಚಾಮರಾಜಪೇಟೆಯ ವಠಾರಕ್ಕೆ ಬಂದಾಗ, ನಮ್ಮ ಮನೆಗೆ ಗೋಡೆ ಹಂಚಿಕೊಂಡ ಪಕ್ಕದ ಮನೆಯಲ್ಲಿ ರಾಯರ ಸಂಸಾರವಿತ್ತು. ರಾಯರು ದಂಡಿನ ಕಡೆ, ಅಂದರೆ ಈಗಿನ ಕಂಟೋನ್ಮೆಂಟಿನಲ್ಲಿ, ಇಂಗ್ಲಿಷರ ಕಂಪನಿಯೊಂದರಲ್ಲಿ ಗುಮಾಸ್ತರು. ಅವರ ಅಕ್ಕನೇ ಇವರು. ತಮ್ಮ ಕರೆಯುತ್ತಿದ್ದಂತೆ ವಠಾರವೆಲ್ಲ ಅಕ್ಕ ಎಂದೇ ಕರೆಯುತ್ತಿತ್ತು. ನಿಜವಾದ ಹೆಸರನ್ನು ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ. ಮೈನೆರೆಯುವ ಮೊದಲೇ ಗಂಡ ಸತ್ತು, ಆಮೇಲೆ ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ತವರಿಗೆ ಬಂದು ಸೇರಿದವರು. ತಾಯಿಯಿಲ್ಲದ ತಮ್ಮನನ್ನು ಸಾಕಿ, ಓದಿಸಿ, ಮದುವೆ ಮಾಡಿ, ಈಗ ಅದೇ ತಮ್ಮನ ಮನೆಯ ಅಡಿಗೆಮನೆಯಲ್ಲಿ ಮಡಿಯಲ್ಲಿ ಬೇಯಿಸಿ ಹಾಕುತ್ತಿದ್ದರು. ಬೆಳಗ್ಗೆ ತಣ್ಣೀರು ಸುರಿದುಕೊಂಡರೆಂದರೆ ಊಟ ಮುಗಿಯುವವರೆಗೆ ಅವರನ್ನು ಯಾರೂ ಮುಟ್ಟುವಂತಿರಲಿಲ್ಲ. ಊಟವಾದ ಮೇಲೆ ಮುಟ್ಟಬಹುದಿತ್ತು, ಆದರೆ ಮುಟ್ಟುವವರು ಯಾರಿದ್ದರು?

ಇಂಗ್ಲಿಷರು ಗಂಟುಮೂಟೆ ಕಟ್ಟಿದ ವರ್ಷ ರಾಯರ ದೊರೆಯೂ ಹೊರಟ. ಹೋಗುವಾಗ ದೊರೆಸಾನಿ ತನ್ನ ನಾಯಿಯನ್ನು ರಾಯರ ಕೈಗೆ ಹಾಕಿ ಗೊಳೋ ಎಂದು ಅತ್ತಳಂತೆ. ದೊರೆಗೆ ಒಂದು ದಿನವೂ ಇಲ್ಲ ಎಂದು ಹೇಳಿ ಅಭ್ಯಾಸವಿಲ್ಲದ ರಾಯರು ಆ ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಜಟಕಾದಲ್ಲಿ ಬಂದು ವಠಾರದ ಬಾಗಿಲಲ್ಲಿ ಇಳಿದರು. ಮೊಲಕ್ಕಿಂತ ಒಂದಿಷ್ಟು ದೊಡ್ಡದು, ಬಿಳಿ ಮೈ, ಒಂದು ಕಿವಿ ಮಾತ್ರ ಕಂದು. ದೊರೆಗಳು ಅದಕ್ಕೆ ಬಟನ್ ಎಂದು ಹೆಸರಿಟ್ಟಿದ್ದರಂತೆ. ವಠಾರದ ಬಾಯಲ್ಲಿ ವಾರ ಕಳೆಯುವುದರೊಳಗೆ ಅದು ಭಟ್ಟ ಆಯಿತು. ಮೊಸರನ್ನ ಹಾಕಿದರೆ ತಟ್ಟೆ ನೆಕ್ಕಿ ಹೊಳಪು ಬರಿಸುವುದನ್ನು ನೋಡಿ, ಹೆಸರು ಸರಿಯಾಗಿಯೇ ಇದೆ ಎಂದು ಎಲ್ಲರೂ ನಕ್ಕೆವು.

ನಾಯಿಯನ್ನು ಕಂಡು ಮೊದಲು ಕಿರುಚಿಕೊಂಡವರೇ ಅಕ್ಕ. ಮಡಿ ಮೈಲಿಗೆ ಎಂದು ಒಂದು ರಾಮಾಯಣ ಮಾಡಿ, ಕೊನೆಗೆ ಹಿತ್ತಲ ಬಾಗಿಲಿನ ಒಳಮೂಲೆಯಲ್ಲಿ ಒಂದು ಗೋಣಿಚೀಲ ಹಾಸಿ "ಇಲ್ಲೇ ಬಿದ್ದಿರು" ಎಂದರು. ಭಟ್ಟ ಬಿದ್ದಿತ್ತು. ಅಕ್ಕನ ಅಡಿಗೆ, ಪೂಜೆ, ಊಟ ಎಲ್ಲ ಮುಗಿಯುವವರೆಗೆ ಚೀಲ ಬಿಟ್ಟು ಕದಲುತ್ತಿರಲಿಲ್ಲ. ಅವರು ಕೈ ತೊಳೆದು ಹಿತ್ತಲ ಮೆಟ್ಟಿಲ ಮೇಲೆ ಕೂತರೋ, ಸಟಕ್ಕನೆ ಎದ್ದು ಬಂದು ಮಡಿಲು ಸೇರುತ್ತಿತ್ತು. "ನಮ್ಮ ಭಟ್ಟನಿಗೆ ಮಡಿ ಗೊತ್ತಾಗತ್ತೆ ಕಣೇ, ನಿನಗೇ ಗೊತ್ತಾಗಲ್ಲ" ಎಂದು ನನ್ನನ್ನು ಚುಚ್ಚುತ್ತಿದ್ದರು. ಅಕ್ಕ ಮೊದಲ ಸಲ ಅದರ ಬೆನ್ನ ಮೇಲೆ ಕೈಯಾಡಿಸಿದ್ದನ್ನು ನಾನು ನೋಡಿದ್ದೇನೆ. ಬಿಸಿ ಪಾತ್ರೆ ಮುಟ್ಟುವ ಹಾಗೆ ಬೆರಳ ತುದಿ ಇಟ್ಟರು, ತೆಗೆದರು, ಮತ್ತೆ ಇಟ್ಟರು. ಆಮೇಲೆ ಮಧ್ಯಾಹ್ನವೆಲ್ಲ ತೆಗೆಯಲಿಲ್ಲ.

ಅಷ್ಟು ದಿನ ಭಟ್ಟ ಮನೆಯೊಳಗೆ ಒಂದು ತೊಟ್ಟು ಗಲೀಜು ಮಾಡಿದ್ದಿಲ್ಲ. ಹೊತ್ತು ಹೊತ್ತಿಗೆ ಹಿತ್ತಲಿಗೆ ಹೋಗಿ ನುಗ್ಗೆಮರದ ಬುಡದಲ್ಲಿ ಕಾಲೆತ್ತಿ ಬರುತ್ತಿತ್ತು. ಹೀಗಿರುವಾಗ ರಾಯರಿಗೆ, ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಒಂದು ಗಂಡು ಮಗುವಾಯಿತು. ಅವರ ಹೆಂಡತಿಗೆ ತವರಿನಲ್ಲಿ ಬಾಣಂತನ ಮಾಡುವವರಿಲ್ಲದೆ ಎಲ್ಲ ಇಲ್ಲೇ ಆಯಿತು. ಪುರುಡು ಕಳೆದ ದಿನ ಪುಣ್ಯಾಹ. ಅಕ್ಕ ಬೆಳಗ್ಗೆಯೇ ಕೆಂಪು ಗಾರೆಯ ನೆಲವನ್ನು ಕನ್ನಡಿಯಂತೆ ತಿಕ್ಕಿ, ಮೂಲೆಮೂಲೆಗೂ ಗಂಜಲ ಚಿಮುಕಿಸಿ, ರಂಗೋಲಿ ಹಾಕಿದರು. ಮಗುವನ್ನು ತೊಟ್ಟಿಲಿಗೆ ಹಾಕಿ ಹೆಂಗಸರೆಲ್ಲ ಹಾಡು ಹೇಳುತ್ತಿದ್ದೆವು. ಭಟ್ಟ ಎಲ್ಲಿಂದಲೋ ಬಂತು, ಅಲ್ಲಿ ಮೂಸಿತು, ಇಲ್ಲಿ ಮೂಸಿತು, ಎಲ್ಲರೂ ನೋಡುತ್ತಿದ್ದಂತೆ ತೊಟ್ಟಿಲ ಕಾಲಿಗೆ ಕಾಲೆತ್ತಿಬಿಟ್ಟಿತು.

ಹಾಡು ಅಲ್ಲಿಗೇ ನಿಂತಿತು. ರಾಯರ ಹೆಂಡತಿ ಮಗುವನ್ನು ಎದೆಗವಚಿಕೊಂಡು ಕಿರುಚಿದರು. ಅಕ್ಕ ತಾವೇ ತಪ್ಪು ಮಾಡಿದವರ ಹಾಗೆ ಓಡಿಹೋಗಿ ಚೊಂಬು ತಂದು, ನೆಲ ತೊಳೆದು, ಅದರ ಮೇಲೆ ಮತ್ತೆ ಗಂಜಲ ಹಾಕಿ ಶುದ್ಧ ಮಾಡಿದರು. ಮಾರನೆಯ ದಿನ ಭಟ್ಟ ಅದೇ ಜಾಗದಲ್ಲಿ ಮಾಡಿತು. ಆಮೇಲೆ ದೇವರಮನೆಯ ಹೊಸಿಲ ಹತ್ತಿರ. ಆಮೇಲೆ ಬಾಣಂತಿಯ ಕೋಣೆಯ ಬಾಗಿಲಿಗೆ...

ಅಲ್ಲಿಂದ ಶುರುವಾಯಿತು ಅಕ್ಕನ ಪಾಡು. ಬೆಳಕು ಹರಿಯುವ ಹೊತ್ತಿಗೆ ಹಾಲಿನವನು ಹಸು ಹೊಡೆದುಕೊಂಡು ವಠಾರದ ಬಾಗಿಲಿಗೆ ಬಂದು, ಎದುರಿಗೇ ಹಾಲು ಕರೆದು ಕೊಡುತ್ತಿದ್ದ ಕಾಲ ಅದು. ನಾವೆಲ್ಲ ಹಸುವಿನ ಕೆಚ್ಚಲ ಹತ್ತಿರ ಪಾತ್ರೆ ಹಿಡಿದು ನಿಂತರೆ ಅಕ್ಕ ಬಾಲದ ಹತ್ತಿರ ಚೊಂಬು ಹಿಡಿದು ನಿಲ್ಲುತ್ತಿದ್ದರು. ಹಸು ದಯೆ ತೋರಿಸಿದ ದಿನ ಅವರ ಮುಖ ಅರಳುತ್ತಿತ್ತು. ಆ ಚೊಂಬು ಅಡಿಗೆಮನೆಯ ಹೊರಗೆ ಸದಾ ಸಿದ್ಧ. ಭಟ್ಟ ಎಲ್ಲಾದರೂ ಮಾಡಿತೋ, ರಾಯರ ಹೆಂಡತಿಯ ಕಣ್ಣಿಗೆ ಬೀಳುವ ಮೊದಲೇ ಅಕ್ಕ ಓಡಿ ಬಂದು ಒರೆಸಿ, ಗಂಜಲ ಚಿಮುಕಿಸಿ, ಏನೂ ನಡೆದೇ ಇಲ್ಲ ಎಂಬಂತೆ ಒಲೆಯ ಮುಂದೆ ಕೂರುತ್ತಿದ್ದರು. ಪ್ರತಿ ಸಲ ಮತ್ತೆ ಸ್ನಾನ, ಮತ್ತೆ ಮಡಿ ಸೀರೆ. ಚಳಿಗಾಲದಲ್ಲಿ ನಡುಗುತ್ತಾ ಬಾವಿಕಟ್ಟೆಯಲ್ಲಿ ನಿಂತಿರುತ್ತಿದ್ದ ಆ ಬೋಳು ತಲೆ ಈಗಲೂ ನನ್ನ ಕಣ್ಣ ಮುಂದಿದೆ.

ಎಷ್ಟು ದಿನ ಮುಚ್ಚಿಡಲಾಗುತ್ತದೆ? ಒಂದು ಸಂಜೆ ರಾಯರು ಆಫೀಸಿನಿಂದ ಬಂದವರು ಹಜಾರದಲ್ಲಿ ಕಾಲಿಟ್ಟರೆ ಕಾಲು ಒದ್ದೆ. ಗೋಡೆಯಾಚೆ ನನಗೆ ಎಲ್ಲ ಕೇಳಿಸುತ್ತಿತ್ತು. ಅವರು ಕೂಗಾಡಲಿಲ್ಲ, ಕೂಗಾಡಿದ್ದರೆ ಎಷ್ಟೋ ವಾಸಿಯಾಗಿತ್ತು.

"ಅಕ್ಕಾ, ಮಗು ಇನ್ನೇನು ಅಂಬೆಗಾಲಿಡತ್ತೆ. ಇದೇ ನೆಲದಲ್ಲೇ ಅಲ್ವಾ ಅದು ಹರೀಬೇಕು? ಯುಗಾದಿವರೆಗೆ ನೋಡ್ತೀನಿ. ಅಷ್ಟರೊಳಗೆ ಸರಿಹೋಗ್ಲಿಲ್ಲಾಂದ್ರೆ ಯಾರಿಗಾದ್ರೂ ಕೊಟ್ಬಿಡ್ತೀನಿ. ಆಮೇಲೆ ನನ್ನ ಬೈಬೇಡ."

"ನಾಯಿ ಬಾಲ ಡೊಂಕು ಅಂತ ಗಾದೆ ಸುಮ್ನೆ ಮಾಡಿದ್ದಾರಾ?" ಎಂದರು ಅವರ ಹೆಂಡತಿ ಒಳಗಿನಿಂದ.

ಅಕ್ಕ ಚೊಂಬು ತಂದು ಹಜಾರ ಒರೆಸಿದರು. ಮಾರನೆಯ ಮಧ್ಯಾಹ್ನ ಹಿತ್ತಲ ಮೆಟ್ಟಿಲ ಮೇಲೆ ನನ್ನನ್ನು ಕರೆದು ಕೂರಿಸಿಕೊಂಡು, "ಯಾಕೆ ಹೀಗ್ಮಾಡ್ತಾನೆ ಅಂತ ಕಂಡ್ಹಿಡಿಯೇ. ನೀನು ಓದಿದೋಳು. ನಿನ್ನ ಕಾಲಿಗೆ ಬೀಳ್ತೀನಿ" ಎಂದರು. ನನ್ನ ಓದು ಲೋವರ್ ಸೆಕೆಂಡರಿ. ಅದರಲ್ಲಿ ನಾಯಿಯ ಉಚ್ಚೆಯ ಪಾಠ ಇರಲಿಲ್ಲ. ಆದರೆ ನನಗಿಂತ ಅಷ್ಟು ದೊಡ್ಡವರು ಕಾಲಿಗೆ ಬೀಳುತ್ತೇನೆ ಎಂದಾಗ ಏನು ಹೇಳುವುದು? ಆಯಿತು ಅಕ್ಕ ಎಂದೆ.

ಮೊದಲು ದೃಷ್ಟಿ ತೆಗೆದೆವು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೆ ಘಾಟಿಗೆ ನಾವೇ ಕೆಮ್ಮಿ ಸತ್ತೆವು. ಭಟ್ಟ ನಮ್ಮ ಮುಖ ನೋಡುತ್ತಾ ಬಾಲ ಆಡಿಸುತ್ತಿತ್ತು. ಆಮೇಲೆ ಕೊರಳಿಗೊಂದು ತಾಯಿತ. ಆಮೇಲೆ ಸಂಜೆಯ ಮೇಲೆ ನೀರು ಕೊಡುವುದು ಬೇಡ ಎಂದು ನಾನೇ ಹೇಳಿದೆ. ಬಾಯಾರಿ ಅದು ಬಚ್ಚಲ ನೆಲ ನೆಕ್ಕುವುದನ್ನು ನೋಡಿ ಅಕ್ಕನೇ ಅಳುತ್ತಾ ಬೋಗುಣಿ ತುಂಬಿಸಿಟ್ಟರು. ಬೀದಿಯ ತುದಿಯಲ್ಲಿದ್ದ ಪಂಡಿತರ ಹತ್ತಿರವೂ ಹೋದೆವು. ನಾಯಿಗೆ ಎಂದರೆ ಓಡಿಸಿಬಿಡುತ್ತಾರೆ ಎಂಬ ಹೆದರಿಕೆಯಿಂದ ಅಕ್ಕ, "ಮನೇಲಿ ಒಂದು ಕೂಸು, ಎಲ್ಲೆಂದ್ರಲ್ಲಿ ಒಂದ ಮಾಡ್ಕೊಳತ್ತೆ" ಎಂದರು. ಮಾತು ಬರುತ್ತದೆಯೇ ಎಂದು ಪಂಡಿತರು ಕೇಳಿದರು. ಅಕ್ಕ ಯೋಚನೆ ಮಾಡಿ, "ಮಾತು ಬರಲ್ಲ, ಆದ್ರೆ ಎಲ್ಲಾ ಅರ್ಥ ಆಗತ್ತೆ" ಎಂದರು. ಪಂಡಿತರು ಬಹಳ ಮರುಗಿ ಲೇಹ್ಯ ಕಟ್ಟಿಕೊಟ್ಟರು. ನಾನು ಸೆರಗು ಬಾಯಿಗೆ ತುರುಕಿಕೊಂಡು ಬೀದಿಗೆ ಓಡಿದೆ. ನಕ್ಕು ನಕ್ಕು ತಿರುಗಿ ನೋಡಿದರೆ ಅಕ್ಕನ ಕಣ್ಣಲ್ಲಿ ನೀರು. "ನಗ್ತೀಯಲ್ಲೇ... ನನ್ನ ಹೊಟ್ಟೆ ಉರೀತಿದೆ" ಎಂದರು. ನನ್ನ ನಗು ಅಲ್ಲೇ ಸತ್ತಿತು.

ಕೊನೆಗೆ ದಂಡಿನ ಕಡೆ ಇದ್ದ ದನದ ಆಸ್ಪತ್ರೆಗೆ ಜಟಕಾ ಮಾಡಿಕೊಂಡು ಹೊರಟೆವು. ದೇವಸ್ಥಾನ ಬಿಟ್ಟರೆ ಹೊಸಿಲು ದಾಟದ ಹೆಂಗಸು, ಸೆರಗಿನಲ್ಲಿ ನಾಯಿ ಸುತ್ತಿಕೊಂಡು, ಕುಂಟು ಕುದುರೆಗಳ ನಡುವೆ, ಎಮ್ಮೆಗಳ ನಡುವೆ ಸರದಿಗೆ ನಿಂತಿದ್ದರು. ನೋಡಿದವರೆಲ್ಲ ನೋಡಿದರು, ಅಕ್ಕ ಯಾರನ್ನೂ ನೋಡಲಿಲ್ಲ. ಡಾಕ್ಟರು ಭಟ್ಟನ ಹೊಟ್ಟೆ ಒತ್ತಿ, ನಾಲಿಗೆ ನೋಡಿ, ಕಾಯಿಲೆ ಏನೂ ಇಲ್ಲ ಎಂದರು. ಮನೆಯಲ್ಲಿ ಏನಾದರೂ ಹೊಸದಾಗಿ ಬದಲಾಗಿದೆಯೇ ಎಂದು ಕೇಳಿದರು. ಮಗು ಹುಟ್ಟಿದೆ ಎಂದೆ. "ಹಾಗಿದ್ರೆ ಹೊಟ್ಟೆಕಿಚ್ಚಮ್ಮಾ. ಅದರ ಎದುರಿಗೆ ಮಗುನ ಜಾಸ್ತಿ ಮುದ್ದು ಮಾಡ್ಬೇಡಿ" ಎಂದು ಕಳಿಸಿಕೊಟ್ಟರು.

ಅಕ್ಕ ಅದನ್ನು ವೇದವಾಕ್ಯ ಮಾಡಿಕೊಂಡರು. ಅಂದಿನಿಂದ ಭಟ್ಟನ ಎದುರಿಗೆ ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಟ್ಟರು. ಆ ಕೂಸು ಅತ್ತೆಯನ್ನು ಕಂಡರೆ ಎರಡೂ ಕೈ ಚಾಚುತ್ತಿತ್ತು. ಇವರು ಮುಖ ತಿರುಗಿಸಿಕೊಂಡು ಅಡಿಗೆಮನೆಗೆ ಹೋಗಿ ಒಬ್ಬರೇ ಅಳುತ್ತಿದ್ದರು. ರಾಯರ ಹೆಂಡತಿ ಇದನ್ನು ನೋಡಿ, "ನಾಯಿಗೋಸ್ಕರ ನನ್ನ ಮಗುನೇ ಬೇಡವಾಯ್ತು ಇವರಿಗೆ" ಎಂದು ನನ್ನ ಹತ್ತಿರ ಕಣ್ಣೊರೆಸಿಕೊಂಡರು. ಅವರದೂ ಸುಳ್ಳಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ನಾಯಿಯನ್ನಲ್ಲ, ಗಂಡನ ಅಕ್ಕನನ್ನೇ ಆಚೆ ಕಳಿಸು ಎನ್ನುತ್ತಿದ್ದೆನೇನೋ. ಅತ್ತ ದರಿ, ಇತ್ತ ಪುಲಿ. ಭಟ್ಟ ಮಾತ್ರ ತನ್ನ ಪಾಡಿಗೆ ತಾನು, ಅಕ್ಕ ಶುದ್ಧ ಮಾಡಿದ ಕಡೆಯಲ್ಲೆಲ್ಲ ಕಾಲೆತ್ತುತ್ತಲೇ ಇತ್ತು. ಯುಗಾದಿ ಹತ್ತಿರ ಬರುತ್ತಿತ್ತು.

ಆಗ ಹಾಲಿನವನ ಹಸುವಿಗೆ ಕಾಲುಬಾಯಿ ರೋಗ ಬಂತು. ಅವನು ಬೇರೆ ಎಲ್ಲಿಂದಲೋ ಕ್ಯಾನಿನಲ್ಲಿ ಹಾಲು ತಂದು ಹಾಕತೊಡಗಿದ. ಹಸುವಿಲ್ಲ, ಗಂಜಲವಿಲ್ಲ. ಅಕ್ಕನಿಗೆ ಕೈಕಾಲೇ ಬಿದ್ದುಹೋದ ಹಾಗಾಯಿತು. ಬೇರೆ ದಾರಿ ಕಾಣದೆ ಭಟ್ಟ ಮಾಡಿದ ಜಾಗವನ್ನೆಲ್ಲ ಬರೀ ಬಿಸಿನೀರಿನಲ್ಲಿ ಮತ್ತೆ ಮತ್ತೆ ತಿಕ್ಕಿ, ಕೃಷ್ಣಾ ಕೃಷ್ಣಾ ಎಂದು ಕಣ್ಣು ಮುಚ್ಚಿಕೊಂಡರು. ಒಂದು ದಿನ ಕಳೆಯಿತು, ನೆಲ ಒಣಗಿತ್ತು. ಇನ್ನೊಂದು ದಿನ ಕಳೆಯಿತು. ಭಟ್ಟ ಹಳೆಯ ಹಾಗೆ ನುಗ್ಗೆಮರದ ಬುಡಕ್ಕೆ ಹೋಗಿ ಬರತೊಡಗಿತು. ತಾಯಿತ ಕೆಲಸ ಮಾಡಿತು ಎಂದೆ ನಾನು. ಲೇಹ್ಯ ಎಂದರು ಅಕ್ಕ. ವಾರವೆಲ್ಲ ಅವರ ಮುಖದಲ್ಲಿ ಹಬ್ಬ. ಮಗುವನ್ನು ಎತ್ತಿ ಎದೆಗೊತ್ತಿಕೊಂಡು ಹಿತ್ತಲಲ್ಲಿ ಓಡಾಡಿದರು. ಭಟ್ಟ ಅವರ ಕಾಲ ಸುತ್ತ ಕುಣಿಯುತ್ತಿತ್ತು. ಹೊಟ್ಟೆಕಿಚ್ಚಂತೆ, ಹೊಟ್ಟೆಕಿಚ್ಚು! ಅದಕ್ಕೆ ಎಳ್ಳಷ್ಟೂ ಇರಲಿಲ್ಲ.

ಹಸು ವಾಸಿಯಾಗಿ ಬಂದ ದಿನ ಅಕ್ಕ, ದೇವರು ಕಾಪಾಡಿದ ಎಂಬ ಸಂತೋಷಕ್ಕೆ, ಚೊಂಬು ತುಂಬ ಗಂಜಲ ಹಿಡಿದು ತಂದು ಬಾಗಿಲಿನಿಂದ ದೇವರಮನೆಯವರೆಗೆ ಚಿಮುಕಿಸುತ್ತಾ ಹೊರಟರು. ನಾನು ಮೊಸರಿಗೆ ಹೆಪ್ಪು ಕೇಳಲು ಹೋದವಳು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಭಟ್ಟ ಚೀಲದಿಂದ ತಲೆ ಎತ್ತಿತು. ಮೂಗು ಅರಳಿಸಿತು. ಎದ್ದು ಹೋಗಿ ಮೊದಲ ಹನಿಯನ್ನು ಮೂಸಿತು, ಕಾಲೆತ್ತಿತು. ಎರಡನೆಯ ಜಾಗ ಮೂಸಿತು, ಕಾಲೆತ್ತಿತು. ಅಕ್ಕ ಮುಂದೆ ಮುಂದೆ, ಭಟ್ಟ ಹಿಂದೆ ಹಿಂದೆ. ಅಯ್ಯೋ ಭಗವಂತಾ... ನನ್ನ ತಲೆಯಲ್ಲಿ ಫಳ್ಳೆಂದು ಮಿಂಚಿತು. ಬೀದಿಯ ದೀಪದ ಕಂಬಕ್ಕೆ ಒಂದು ನಾಯಿ ಮಾಡಿಹೋದರೆ ಇನ್ನೊಂದು ಬಂದು ಅದರ ಮೇಲೇ ಮಾಡದೆ ಬಿಡುತ್ತದೆಯೇ?

"ಅಕ್ಕಾ! ಚೊಂಬು ಕೆಳಗಿಡಿ!" ಎಂದು ಕೂಗಿದೆ.

ಹಿಂದಿರುಗಿ ನೋಡಿದ ಅಕ್ಕ ಅಲ್ಲೇ ಚೊಂಬು ಕೆಳಗಿಟ್ಟರು. ನಾನು ಹೇಳಿದ್ದೆಲ್ಲವನ್ನೂ ಕೇಳಿದರು. ಮಗು ಹುಟ್ಟಿದ್ದಲ್ಲ, ಪುಣ್ಯಾಹದ ದಿನ ಚಿಮುಕಿಸಿದ್ದು; ಭಟ್ಟ ಬಂದ ಮೇಲೆ ಆ ಮನೆಯೊಳಗೆ ಗಂಜಲ ಬಿದ್ದದ್ದೇ ಅಂದು ಮೊದಲು. ಅಂದಿನಿಂದ ಅದು ಮಾಡಿದ ಕಡೆಯಲ್ಲೆಲ್ಲ ಮತ್ತೆ ಮತ್ತೆ ಹಾಕಿದ್ದು. "ಗೋವಿನದು ಶುದ್ಧ ಅಲ್ವೇನೇ?" ಎಂದರು, ಮಕ್ಕಳು ಕೇಳುವ ಹಾಗೆ.

"ನಮಗೆ ಶುದ್ಧ ಅಕ್ಕ. ಅದಕ್ಕೆ ಬರೀ ಉಚ್ಚೆ. ಯಾವುದೋ ಪ್ರಾಣಿ ಬಂದು ನಮ್ಮನೇಲಿ ಮಾಡ್ಹೋಗಿದೆ ಅಂತ, ಪಾಪ, ಅದು ಮನೆ ಕಾಯ್ತಾ ಇತ್ತು."

ಅಕ್ಕ ತಮ್ಮ ಎರಡೂ ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. "ಇದೇ ಕೈಲಿ ಅವನಿಗೆ ಗುಂಡಿ ತೋಡ್ತಿದ್ನಲ್ಲೇ" ಎಂದರು.

ಕಾರಣವೇನೋ ಸಿಕ್ಕಿತು. ಆದರೆ ರಾಯರಿಗೆ ಹೋಗಿ ಹೇಳುವವರು ಯಾರು? ನಾಯಿಗಾಗಿ ಗಂಜಲ ಬಿಡುತ್ತೇವೆ ಎಂದರೆ ಆ ಮನೆಯಲ್ಲಿ ಮಾತ್ರವಲ್ಲ, ಇಡೀ ಚಾಮರಾಜಪೇಟೆಯಲ್ಲಿ ಉಗಿಯುತ್ತಿದ್ದರು. ಮಡಿ ಎಂಬುದೊಂದೇ ಆ ಮನೆಯಲ್ಲಿ ಅಕ್ಕನಿಗಿದ್ದ ಬೆಲೆ; ಅದನ್ನು ಬಿಟ್ಟರೆ ಅವರೊಬ್ಬ ಅನ್ನಕ್ಕಿದ್ದ ಹೆಂಗಸು. ಕೊನೆಗೆ ದಾರಿ ಹುಡುಕಿದವಳು ನಾನೇ. ಅಕ್ಕ ಎಂದಿನಂತೆ ಹಸುವಿನ ಹಿಂದೆ ಚೊಂಬು ಹಿಡಿದು ನಿಲ್ಲುವುದು. ಹಿತ್ತಲಿಗೆ ಬಂದು ಅದನ್ನು ಕರಿಬೇವಿನ ಗಿಡಕ್ಕೆ ಸುರಿಯುವುದು. ಚೊಂಬು ತೊಳೆದು ಒಂದು ಚಿಟಿಕೆ ಅರಿಶಿನ ಕದಡಿದ ನೀರು ತುಂಬಿ ಮನೆಗೆಲ್ಲ ಚಿಮುಕಿಸುವುದು. ಮೊದಲ ದಿನ ಅಕ್ಕ ಅರ್ಧ ನೀರನ್ನು ತಮ್ಮ ಸೀರೆಗೇ ಚೆಲ್ಲಿಕೊಂಡರು. "ನರಕಕ್ಕೆ ಹೋಗ್ತೀನಿ ಕಣೇ. ಹೋಗ್ಲಿ ಬಿಡು, ಇವನು ಉಳೀಲಿ" ಎಂದರು.

ಭಟ್ಟ ಉಳಿಯಿತು. ಯುಗಾದಿ ಬಂತು, ಹೋಯಿತು. ನೆಲ ಒಣಗಿಯೇ ಇತ್ತು. ಕರಿಬೇವಿನ ಗಿಡ ಮಾತ್ರ ಹಿಂದೆಂದೂ ಇಲ್ಲದ ಹಾಗೆ ಸೊಕ್ಕಿ ಬೆಳೆದು ವಠಾರದ ಒಗ್ಗರಣೆಗೆಲ್ಲ ಸೊಪ್ಪು ಕೊಟ್ಟಿತು. ಮಗು ಹರಿದಾಡುತ್ತಾ ಭಟ್ಟನ ಕಂದು ಕಿವಿ ಹಿಡಿದು ಜಗ್ಗುವುದು, ಅದು ಸುಮ್ಮನೆ ಜಗ್ಗಿಸಿಕೊಳ್ಳುವುದು... ರಾಯರ ಹೆಂಡತಿಯೇ ನಗುವುದನ್ನು ನಾನು ಕಂಡೆ. ಇಲ್ಲಿಗೇ ಕತೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲವೇನೋ.

ಆ ಬೇಸಿಗೆಯಲ್ಲಿ ಬೀದಿಯಲ್ಲೆಲ್ಲ ಮಕ್ಕಳಿಗೆ ದಡಾರ ಬಂತು. ರಾಯರ ಮಗುವಿಗೂ ಬಂತು. ಮೈಯೆಲ್ಲ ಕೆಂಪು ಗುಳ್ಳೆ, ಸುಡುವ ಜ್ವರ. ಆಮೇಲೆ ಎದೆಯಲ್ಲಿ ಕಫ ಕಟ್ಟಿ ಉಸಿರು ಗೊರಗೊರ ಎನ್ನತೊಡಗಿತು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಮನೆಯಲ್ಲಿ ಒಗ್ಗರಣೆ ಇಲ್ಲ, ಜೋರು ಮಾತಿಲ್ಲ, ಎಲ್ಲ ಶುದ್ಧವಾಗಿರಬೇಕು. ಶುದ್ಧ ಎಂಬ ಆ ಮಾತೇ ಅಕ್ಕನನ್ನು ಕೊಂದಿತು. ನನ್ನ ಹತ್ತಿರ ಬಂದು ಗೋಡೆಗೊರಗಿ ನಿಂತರು.

"ಇದು ನನ್ನಿಂದ್ಲೇ ಆಗಿದ್ದು. ಅರಿಶಿನದ ನೀರು ಚಿಮುಕಿಸಿ ದೇವರಿಗೇ ಟೋಪಿ ಹಾಕಿದ್ನಲ್ಲ, ಅದಕ್ಕೇ."

"ಬೀದಿ ಮಕ್ಕಳಿಗೆಲ್ಲಾ ಬಂದಿದೆ ಅಕ್ಕ! ಅವರ ಮನೇಲೆಲ್ಲಾ ನಾಯಿ ಇದೆಯಾ? ಡಾಕ್ಟ್ರು ಔಷಧಿ ಕೊಟ್ಟಿದ್ದಾರೆ, ಇಳಿಯತ್ತೆ."

"ಇಳೀದಿದ್ರೆ?"

ಭಟ್ಟನನ್ನು ನಮ್ಮ ಮನೆಯಲ್ಲಿ ಇಟ್ಟುಕೊಳ್ಳೋಣವೆಂದರೆ, ಬೆಕ್ಕು ಅಡ್ಡ ಬಂದರೂ ಸ್ನಾನ ಮಾಡುತ್ತಿದ್ದ ನಮ್ಮ ಅತ್ತೆ ಬಿಡುತ್ತಿರಲಿಲ್ಲ. ಅಕ್ಕ ಭಟ್ಟನನ್ನು ಎತ್ತಿಕೊಂಡು ಹೋಗಿ ನುಗ್ಗೆಮರಕ್ಕೆ ಹಗ್ಗದಿಂದ ಕಟ್ಟಿದರು. ಮೂತಿಗೆ ಮುಖ ಒತ್ತಿ ಏನೋ ಹೇಳಿದರು, ಏನೆಂದು ನನಗೆ ಕೇಳಿಸಲಿಲ್ಲ. ಆಮೇಲೆ ಮಿಂದು, ಒದ್ದೆ ಸೀರೆಯಲ್ಲೇ ನಿಜವಾದ ಗಂಜಲದ ಚೊಂಬು ಹಿಡಿದು ಒಳಗೆ ಹೋದರು. ಹೊಸಿಲಿಗೆ, ಗೋಡೆಗೆ, ತೊಟ್ಟಿಲ ಸುತ್ತ, ಅಳುತ್ತಾ ಚಿಮುಕಿಸಿದರು. ಏನಾಗುತ್ತದೆ ಎಂದು ಗೊತ್ತಿದ್ದೂ ಚಿಮುಕಿಸಿದರು.

ಅಕ್ಕನಿಲ್ಲದ ಕಡೆ ಆ ನಾಯಿ ಯಾವತ್ತು ನಿಂತಿತ್ತು? ಹಗ್ಗ ಕಡಿದುಕೊಂಡು ಒಳಗೆ ನುಗ್ಗಿತು. ಡಾಕ್ಟರು ಬಗ್ಗಿ ಮಗುವಿನ ಎದೆ ನೋಡುತ್ತಿದ್ದರು, ರಾಯರು ದೀಪ ಹಿಡಿದು ನಿಂತಿದ್ದರು. ಎಲ್ಲರ ಕಾಲಿನ ನಡುವೆ ನುಸುಳಿ, ಮೂಸಿ, ತೊಟ್ಟಿಲ ಕಾಲಿಗೆ ಭಟ್ಟ ಕಾಲೆತ್ತಿತು. ಅದು ಅದರ ಕೆಲಸ ಮಾಡಿತು, ಅಷ್ಟೇ.

ರಾಯರು ಹೊಡೆಯಲಿಲ್ಲ, ಬೈಯಲಿಲ್ಲ. ಡಾಕ್ಟರನ್ನು ಕಳಿಸಿ, ಪೇಟ ತಲೆಗಿಟ್ಟುಕೊಂಡು, ಭಟ್ಟನನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟುಹೋದರು. ಅಕ್ಕ ತಡೆಯಲಿಲ್ಲ. ಹಿತ್ತಲ ಬಾಗಿಲಲ್ಲಿ ಚೊಂಬು ಹಿಡಿದುಕೊಂಡೇ ನಿಂತಿದ್ದರು. ಜಟಕಾದ ಸದ್ದು ದೂರವಾಗುವವರೆಗೆ ಭಟ್ಟ ಬೊಗಳುವುದು ಕೇಳಿಸುತ್ತಿತ್ತು... ಆಮೇಲೆ ಅದೂ ಇಲ್ಲ.

ಮಗು ಬದುಕಿತು. ಡಾಕ್ಟರ ಔಷಧಿಯಿಂದ ಬದುಕಿತು ಎಂದು ನಾನು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ. ಆ ಬೀದಿಯಲ್ಲಿ ಗಂಜಲವನ್ನೇ ಕಾಣದ ಮನೆಗಳ ಮಕ್ಕಳೂ ಬದುಕಿದವು. ಅಕ್ಕ ಒಪ್ಪಲೂ ಇಲ್ಲ, ಇಲ್ಲವೆನ್ನಲೂ ಇಲ್ಲ. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಾಗದೆ ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಮಗು ಎದ್ದು ಕೂತು ಗಂಜಿ ಕುಡಿದ ಮೇಲೆ ಒಂದು ದಿನ ಅಕ್ಕ, "ಒಂದ್ಸಲ ನೋಡ್ಕೊಂಡು ಬರೋಣ ಬಾರೇ. ಕರ್ಕೊಂಡು ಬರಲ್ಲ, ನೋಡ್ತೀನಿ ಅಷ್ಟೆ" ಎಂದರು. ರಾಯರು ಭಟ್ಟನನ್ನು ಕೊಟ್ಟದ್ದು ಓಕಳಿಪುರದಲ್ಲಿ, ರೈಲು ಹಳಿಯ ಪಕ್ಕದಲ್ಲಿದ್ದ ಅವರ ಆಫೀಸಿನ ಜವಾನನ ಮನೆಗೆ. ಹುಡುಕಿಕೊಂಡು ಹೋದೆವು. ಆ ಮನೆಯಾಕೆ ನಮ್ಮನ್ನು ಕಂಡೊಡನೆ ತಲೆ ತಗ್ಗಿಸಿದಳು.

"ಚೆನ್ನಾಗೇ ನೋಡ್ಕೊಂಡ್ವಿ ಕಣಮ್ಮಾ. ಒಂದು ತುತ್ತು ತಿನ್ನಲಿಲ್ಲ. ಬಂದ ಎರಡನೇ ದಿನವೇ ಹಗ್ಗ ಕಡ್ಕೊಂಡು ಹೋಯ್ತು. ಅಗೋ, ಆ ಮೆಜೆಸ್ಟಿಕ್ ಕಡೆ ಓಡ್ತು."

ಮೆಜೆಸ್ಟಿಕ್ ಕಡೆ ಎಂದರೆ ನಮ್ಮ ಮನೆಯ ದಾರಿ. ಅದು ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು. ಜಟಕಾ ಹತ್ತದೆ ನಡೆದುಕೊಂಡೇ ಬಂದೆವು. ಜೀವಮಾನದಲ್ಲಿ ಬೀದಿಯಲ್ಲಿ ದನಿ ಎತ್ತದ ಆ ಹೆಂಗಸು, ಕೆಂಪು ಸೀರೆಯ ಸೆರಗು ತಲೆಯಿಂದ ಜಾರುತ್ತಿದ್ದರೂ ಲಕ್ಷ್ಯವಿಲ್ಲದೆ, ಅಂಗಡಿ ಸಾಲಿನಲ್ಲೆಲ್ಲ, ಸಂದಿಗೊಂದಿಯಲ್ಲೆಲ್ಲ "ಭಟ್ಟಾ! ಭಟ್ಟಾ!" ಎಂದು ಕೂಗುತ್ತಾ ನಡೆದರು. ಯಾರೋ ಜುಟ್ಟಿನವರೊಬ್ಬರು ಸೈಕಲ್ ನಿಲ್ಲಿಸಿ, "ಏನಮ್ಮಾ, ನನ್ನ ಕರೆದ್ರಾ?" ಎಂದು ಕೇಳಿದರು. ಬೇರೆ ಯಾವಾಗಲಾದರೂ ಆಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅಂದು ಅವರಿಗೆ ಕೈಸನ್ನೆಯಲ್ಲೇ ಅಲ್ಲವೆಂದು ಹೇಳಿ ಅಕ್ಕನ ಹಿಂದೆ ಓಡಿದೆ. ಮನೆ ಸೇರುವ ಹೊತ್ತಿಗೆ ಅಕ್ಕನ ದನಿ ಪೂರ್ತಿ ಒಡೆದುಹೋಗಿತ್ತು. ಭಟ್ಟ ಸಿಗಲಿಲ್ಲ.

ಅಕ್ಕ ಗಂಜಲವನ್ನು ಬಿಡಲಿಲ್ಲ. ಮಗುವಿನ ಜೀವದ ಭಯ ಅವರಿಂದ ಕೊನೆಯವರೆಗೂ ಹೋಗಲಿಲ್ಲ. ದಿನವೂ ಮನೆಯೆಲ್ಲ ಚಿಮುಕಿಸುತ್ತಿದ್ದರು. ಆದರೆ ಹಿತ್ತಲ ಬಾಗಿಲಿನ ಒಳಮೂಲೆಯಲ್ಲಿ, ಗೋಣಿಚೀಲ ಹಾಸಿದ್ದ ಆ ಒಂದಿಷ್ಟು ಜಾಗದಲ್ಲಿ, ಒಂದು ಹನಿ ಬೀಳಿಸುತ್ತಿರಲಿಲ್ಲ. ಅದನ್ನು ಮಾತ್ರ ಬರೀ ನೀರಿನಲ್ಲಿ ಒರೆಸುತ್ತಿದ್ದರು. ರಾಯರ ಹೆಂಡತಿ ಒಮ್ಮೆ ಏಕೆಂದು ಕೇಳಿದ್ದಕ್ಕೆ "ಅಲ್ಲಿ ನೆಲ ಬಿರುಕು ಬಿಟ್ಟಿದೆ" ಎಂದರು. ನಾನು ಕೇಳಿದಾಗ ನಿಜ ಹೇಳಿದರು.

"ದಾರಿ ಹುಡುಕ್ಕೊಂಡು ಯಾವತ್ತಾದ್ರೂ ಬಂದ್ರೆ... ಪಾಪ, ಬಂದ ತಕ್ಷಣ ಮತ್ತೆ ತಪ್ಪು ಮಾಡ್ಬಾರ್ದು ನೋಡು. ಅಷ್ಟು ಜಾಗ ದೇವರು ನನಗೆ ಬಿಟ್ಕೊಡ್ಲಿ."

ವರ್ಷಗಳು ಉರುಳಿದವು. ನಾಯಿಗಳ ಆಯುಸ್ಸೆಷ್ಟು ಎಂದು ಅಕ್ಕನಿಗೆ ಗೊತ್ತಿರಲಿಲ್ಲವೆಂದಲ್ಲ. ಆ ಕೂಸು ನಿಕ್ಕರು ಹಾಕಿಕೊಂಡು ಸ್ಕೂಲಿಗೆ ಹೋಗುವಂತಾದ ಮೇಲೂ ಆ ಮೂಲೆಗೆ ಬರೀ ನೀರು, ಅದೇ ಗೋಣಿಚೀಲ. ಕೊನೆಯ ಕಾಯಿಲೆಯಲ್ಲಿ ಮಲಗಿದಾಗ ನಾನು ಹತ್ತಿರ ಹೋಗಿ ಕೈ ಹಿಡಿದುಕೊಂಡೆ. ಮಡಿಯಲ್ಲಿದ್ದೀರಾ ಎಂದು ಕೇಳಲಿಲ್ಲ. ಅವರೂ ಕೈ ಬಿಡಿಸಿಕೊಳ್ಳಲಿಲ್ಲ. ಅವರು ಹೋದ ಮೇಲೆ ಶುದ್ಧ ಮಾಡಲು ಬಂದವರು ಮನೆಯ ಮೂಲೆಮೂಲೆಗೂ ಗಂಜಲ ಹಾಕಿದರು, ಆ ಮೂಲೆಗೂ ಹಾಕಿದರು. ನಾನು ನೋಡುತ್ತಾ ನಿಂತಿದ್ದೆ. ಬೇಡಿ ಎನ್ನಲು ನಾನು ಯಾರು?

ಈಗ ಆ ವಠಾರವಿಲ್ಲ. ಬಾವಿಯಿಲ್ಲ, ನುಗ್ಗೆಮರವಿಲ್ಲ. ಆ ಜಾಗದಲ್ಲಿ ನಾಲ್ಕಂತಸ್ತು ಎದ್ದಿದೆ. ಅಕ್ಕನ ಒಂದು ಫೋಟೋ ಕೂಡ ಯಾರ ಹತ್ತಿರವೂ ಇಲ್ಲ. ಅಂಥ ಹೆಂಗಸರ ಫೋಟೋ ಆಗ ಯಾರು ತೆಗೆಯುತ್ತಿದ್ದರು?

ಮೊನ್ನೆ ಪುರೋಹಿತರು ಆ ಬಾಟಲಿಯ ಗಂಜಲವನ್ನು ಒಂದು ಬಟ್ಟಲಿಗೆ ಸುರಿದು, ಹಿರಿಯರು ನೀವೇ ಚಿಮುಕಿಸಿ ಎಂದು ನನ್ನ ಕೈಗೆ ಕೊಟ್ಟರು. ಮಂಡಿ ನೋವಿನಲ್ಲಿ ಮೆಲ್ಲಗೆ ಎದ್ದು, ಮಾವಿನೆಲೆ ಅದ್ದಿ, ಹಜಾರ, ಕೋಣೆ, ಅಡಿಗೆಮನೆ ಎಲ್ಲ ಸುತ್ತಿ ಬಂದೆ. ಬಟ್ಟೆ ಒಣಹಾಕುವ ಬಾಲ್ಕನಿಯ ಬಾಗಿಲ ಹತ್ತಿರ ಕೈ ತಾನಾಗಿಯೇ ನಿಂತಿತು.

"ಅಜ್ಜೀ, ಆ ಮೂಲೆ ಬಿಟ್ಬಿಟ್ರಲ್ಲ" ಎಂದಳು ಮೊಮ್ಮಗಳು.

"ಬಿಟ್ಟಿದ್ದೀನಿ ಕಣೇ. ಅಷ್ಟು ಜಾಗ ಇರ್ಲಿ" ಎಂದೆ. ಒಂದು ಲೋಟ ಬರೀ ನೀರು ತರಿಸಿಕೊಂಡು, ಸೆರಗಿನ ತುದಿಯಿಂದ ಆ ಮೂಲೆಯನ್ನು ಒರೆಸಿದೆ.